ಅಪ್ಪನ ಕಾಲು ಕಟ್ಟಿಗಿ ಆದಂಗ ಆಗ್ಯಾವು, ಇದು ನರದ್ದೋ ಸ್ನಾಯುದ್ದೋ ಬೆನ್ನುಹುರಿದೋ? ಮೂರು ಡಾಕ್ಟ್ರು ಮೂರು ಥರ ಹೇಳ್ಯಾರ

ಟೇಲೆಂಡ್_ರೈತ

ಎಲ್ಲಾರಿಗೂ ನಮಸ್ಕಾರ್ರಿ, ಬರಿಯೂದು ಉದ್ದ ಆಗ್ತೈತಿ, ಬ್ಯಾಸರ ಮಾಡ್ಕೊಬ್ಯಾಡ್ರಿ. ನಮ್ಮಪ್ಪಗ 58 ವಯಸ್ಸು, ಸಿಂಧನೂರು ತಾಲೂಕಿನ್ಯಾಗ ನಮ್ಮೂರು, ನೆಲ್ಲಿನ ಗದ್ದಿ ಅದಾವು. ಏಳೆಂಟು ತಿಂಗಳ ಹಿಂದ ನಾಟಿ ಹಚ್ಚೂ ಟೈಮಿನ್ಯಾಗ ಒಡ್ಡಿನ ಮ್ಯಾಲ ನಡ್ಕೊಂತ ಹೋಗಿ ಎರಡು ಸಲ ಗದ್ದಿಯಾಗ ಬಿದ್ರು, ಆವಾಗ ಕೆಸರಿಗೆ ಜಾರಿರಬೇಕು ಅಂತ ನಾವು ನಕ್ಕು ಬಿಟ್ವಿ. ಆಮ್ಯಾಲ ಮನ್ಯಾಗ ಗಚ್ಚಿನ ಮ್ಯಾಲೂ ವಾಲಾಕತ್ತಿದ್ರು. ಕಾಲು ಕಟ್ಟಿಗಿ ಆದಂಗ ಆಗ್ಯಾವು ಅಂತಾರ, ಎತ್ತಿ ಇಡಾಕ ಬರಂಗಿಲ್ಲ, ಎಳ್ಕೊಂತ ನಡೀತಾರ. ಅಂಗಾಲು ಉರಿ ಬ್ಯಾರೆ, ಚಪ್ಪಲಿ ಕಾಲಿಂದ ಕಳಚಿ ಹೋದ್ರೂ ಗೊತ್ತಾಗಂಗಿಲ್ಲ, ನಾಕು ಹೆಜ್ಜಿ ಮುಂದ ಹೋದಮ್ಯಾಲ ನಾವೇ ಹೇಳಬೇಕು. ಶುಗರ್ 9 ವರ್ಷದಿಂದ ಐತಿ, ಮೆಟ್‌ಫಾರ್ಮಿನ್ ಗುಳಿಗಿ ತಗೊಂತಾರ.

ಮೊದಲು ತೋರ್ಸಿದ ಡಾಕ್ಟ್ರು ಶುಗರಿಗೆ ನರ ವೀಕ್ ಆಗ್ಯಾವು ಅಂತ ಪ್ರಿಗಬಾಲಿನ್ ಅನ್ನೂ ನರದ ಉರಿ ಗುಳಿಗಿ ಬರ್ದು ಕೆಂಪನ್ನ ನರದ ಸೂಜಿ ಐದು ಹಾಕ್ಸಿದ್ರು. ಉರಿ ಸ್ವಲ್ಪ ಕಮ್ಮಿ ಆತು, ನಡಿಗಿ ಮಾತ್ರ ಹಂಗೇ. ಎರಡನೇದವ್ರು ಎಲುಬಿನ ಡಾಕ್ಟ್ರು, ಸೊಂಟದ ಎಂಆರ್‌ಐ ಮಾಡ್ಸಿ ಎಲ್4-ಎಲ್5 ಡಿಸ್ಕ್ ಉಬ್ಬೈತಿ ಆಪರೇಷನ್ ಮಾಡೂಣು ಅಂದ್ರು. ಮೂರನೇದವ್ರು ಸ್ನಾಯು ಸೋತಾವು, ವಯಸ್ಸಾತಲ್ಲ, ಪ್ರೋಟೀನ್ ಪೌಡರ್ ಕುಡಸ್ರಿ ಅಂತ ಹೇಳಿ ಕಳ್ಸಿದ್ರು. ನಮ್ಮ ಕಡಿ ಎಲ್ಲಾದಕ್ಕೂ 'ನರ' ಅಂತನ ಅಂತಾರ್ರಿ, ಈ ಮೂರೂ ಬ್ಯಾರೆ ಬ್ಯಾರೆ ಅಂತ ನನಗ ಈಗ ಗೊತ್ತಾಗಾಕತ್ತೈತಿ. ಯಾವುದರದ್ದು ಅಂತ ಹೆಂಗ ತಿಳ್ಕೊಳ್ಳೂದು? ಆಪರೇಷನ್ನಿಗೆ ಅಂತ ರೊಕ್ಕ ಹೊಂದಸಾಕತ್ತೀವಿ, ಅದಕ್ಕ ಮುಂಚೆ ಒಂದು ಮಾತು ಕೇಳೂಣು ಅಂತ ಬರ್ದೀನಿ.

ಮಸ್ಕಿ_ಹುಲಿ

ಅಣ್ಣಾ ಇದು ವಾತ ಐತಿ, ನಮ್ಮ ಮಾವಗೂ ಹಿಂಗ ಆಗಿತ್ತು. ನಮ್ಮೂರಿನ ಬಾಜೂಕ ಒಬ್ಬರು ಎಣ್ಣಿ ಹಚ್ಚಿ ತಿಕ್ಕಿ ಕುತ್ತಿಗಿ ಲಟಕ್ ಅಂತ ತಿರುವಿ ನರ ಬಿಡಸ್ತಾರ, ಒಂದ ಸಲಕ್ಕ ಎದ್ದು ನಡದ್ರು. ನಂಬರ್ ಬೇಕಾದ್ರ ಮೆಸೇಜ್ ಮಾಡು.

ಬಳ್ಳಾರಿ_ಫಿಸಿಯೋ

ಹುಲಿ ಅವ್ರೇ ದಯವಿಟ್ಟು ಬೇಡ್ರಿ. ಎಣ್ಣೆ ಹಚ್ಚಿ ಕಾಲು ತಿಕ್ಕಿದ್ರೆ ನಂದೇನೂ ತಕರಾರಿಲ್ಲ, ಆದ್ರೆ ಕುತ್ತಿಗೆ ತಿರುವೋದು ಮಾತ್ರ ಬೇಡವೇ ಬೇಡ. ಯಾಕೆ ಅಂತ ಕೆಳಗೆ ಹೇಳ್ತೀನಿ.

ರೈತಣ್ಣ, ನಾನು ಫಿಸಿಯೋ ಅಷ್ಟೇ, ಡಾಕ್ಟರ್ ಅಲ್ಲ, ಆದ್ರೆ ದಿನಾ ಇಂಥ ಪೇಷಂಟ್‌ಗಳನ್ನ ನಡೆಸಿ ನೋಡೋಳು. ನಿಮ್ಮ ಹೆಸರು ನೋಡಿ ನಂಗೊಂದು ಹೋಲಿಕೆ ಹೊಳೀತು, ನೀವೇ ಟೇಲೆಂಡ್ ಅಂತೀರಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಾಗ ನೀರು ಕಮ್ಮಿ ಆದ್ರೆ ಮೊದಲು ಒಣಗೋದು ಯಾರ ಹೊಲ? ನಿಮ್ಮಂಥ ಕೊನೆಯೋರದು. ನರದ ಕಾಯಿಲೆನೂ ಹಂಗೇ, ಮೈಯಾಗ ಅತಿ ಉದ್ದದ ನರ ಅಂದ್ರೆ ಕಾಲ್ಬೆರಳಿಗೆ ಹೋಗೋದು, ಶುಗರ್ ಆಗ್ಲಿ ದಾರು ಆಗ್ಲಿ ಬಿ12 ಕಮ್ಮಿ ಆಗ್ಲಿ ಮೊದಲ ಪೆಟ್ಟು ಅಲ್ಲಿಗೇ. ಬೆರಳು, ಅಂಗಾಲು, ಹಿಮ್ಮಡಿ ಹಿಂಗೆ ಕಾಲುಚೀಲ ಹಾಕ್ಕೊಂಡಂಗೆ ಮೇಲಕ್ಕೆ ಏರ್ತಾ ಹೋಗುತ್ತೆ, ಮೊಣಕಾಲ ಹತ್ರ ಬರೋ ಹೊತ್ತಿಗೆ ಕೈಬೆರಳಿಗೂ ಜೋಮು ಶುರು ಆಗುತ್ತೆ. ಚಪ್ಪಲಿ ಕಳಚಿದ್ದು ಗೊತ್ತಾಗಲ್ಲ ಅಂದ್ರಲ್ಲ, ಅದು ಈ ಕಡೆಗೆ ಬರೋ ಮಾತು.

ಸ್ನಾಯು ಕಾಯಿಲೆ ಇದಕ್ಕೆ ಉಲ್ಟಾ. ಕಾಲುವೆ ನೀರು ಸರಿಯಾಗಿ ಬರ್ತಾ ಐತೆ, ಮಣ್ಣೇ ಕೆಟ್ಟೈತೆ. ಅಲ್ಲಿ ತುದಿ ಅಲ್ಲ, ಬುಡ ಸೋಲೋದು, ಸೊಂಟ ತೊಡೆ ಭುಜ. ಸಂಡಾಸಕ್ಕೆ ಕುಂತೋರು ಗೋಡೆ ಹಿಡೀದೆ ಏಳೋಕಾಗಲ್ಲ, ಬಸ್ಸಿನ ಮೊದಲನೇ ಮೆಟ್ಟಿಲಿಗೆ ಕಾಲು ಎತ್ತೋಕಾಗಲ್ಲ, ಹೆಣ್ಣುಮಕ್ಕಳಾದ್ರೆ ತಲೆ ಬಾಚೋಕೆ ಕೈ ಮೇಲಕ್ಕೇಳಲ್ಲ, ತುಂಬಿದ ಕೊಡ ಕಟ್ಟೆ ಮೇಲೆ ಇಡೋಕಾಗಲ್ಲ. ಆದ್ರೆ ಉರಿ, ಜೋಮು ಇರಲ್ಲ, ಮುಟ್ಟಿದ್ದು ಗೊತ್ತಾಗುತ್ತೆ. ಥೈರಾಯ್ಡ್, ವಿಟಮಿನ್ ಡಿ ಕಮ್ಮಿ, ಬಹಳ ದಿನ ಸ್ಟೀರಾಯ್ಡ್, ಕೊಲೆಸ್ಟ್ರಾಲ್ ಗುಳಿಗೆ, ಇವೆಲ್ಲ ಸ್ನಾಯು ಕೆಡಿಸಬಹುದು, ಮತ್ತೆ ಇವುಗಳಲ್ಲಿ ಎಷ್ಟೋ ರಿಪೇರಿ ಆಗೋವೇ. ಅಪ್ಪಾರಿಗೆ ಅಂಗಾಲು ಉರಿ ಐತೆ, ಸ್ಪರ್ಶ ಹೋಗೈತೆ, ಬರೀ ಸ್ನಾಯು ಅಂತ ನಂಗೆ ಅನ್ಸಲ್ಲ.

ಬೆನ್ನುಹುರಿ ಅಂದ್ರೆ ಮೇನ್ ಕಾಲುವೆ. ಎಲ್ಲಿ ಒಡೆದೈತೋ ಅದರ ಕೆಳಗಿನ ಎಲ್ಲಾ ಊರಿಗೂ ತ್ರಾಸು, ಎರಡೂ ಕಾಲು, ಉಚ್ಚೆ, ಸಂಡಾಸ ಎಲ್ಲಾ. ಈಗ ನಾನು ಕೇಳೋದಕ್ಕೆ ಅಪ್ಪಾರನ್ನ ಕುಂಡ್ರಿಸಿ ನೋಡಿ ಹೇಳ್ರಿ. ಅಂಗಿ ಗುಂಡಿ ಅವರೇ ಹಾಕ್ಕೊತಾರಾ? ಉಚ್ಚೆ ಬಂದ್ರೆ ತಡ್ಕೊಳ್ಳೋಕೆ ಆಗುತ್ತಾ, ಓಡಬೇಕಾ? ಮುಖ ತೊಳೆಯೋವಾಗ ಕಣ್ಣು ಮುಚ್ಚಿದ್ರೆ ವಾಲ್ತಾರಾ? ಗದ್ದ ಎದೆಗೆ ಹಚ್ಚಿದ್ರೆ ಬೆನ್ನಾಗ ಕರೆಂಟ್ ಹೊಡೆದಂಗೆ ಆಗುತ್ತಾ? ಕಾಲು ಜೋತು ಬಿದ್ದಂಗೆ ಸಡಿಲ ಐತಾ ಅಥವಾ ಬಿಗಿ ಐತಾ?

ಟೇಲೆಂಡ್_ರೈತ

ಅಕ್ಕಾರ ಕಾಲುವಿ ಉದಾಹರಣೆ ಛಲೋ ಕೊಟ್ರಿ, ಅಪ್ಪಗ ಓದಿ ಹೇಳಿದ್ನಿ, ನಕ್ಕರು, ಭಾಳ ದಿನದ ಮ್ಯಾಲ ನಕ್ಕರು.

ಈಗ ಉತ್ತರ. ಗುಂಡಿ ಹಾಕ್ಕೊಳ್ಳಾಕ ಬರಂಗಿಲ್ರಿ, ಎರಡು ತಿಂಗಳಿಂದ ಅವ್ವನ ಹಾಕತಾಳ, ನಾವು ಕಣ್ಣು ಮಂಜಾಗಿರಬೇಕು ಅನ್ಕೊಂಡಿದ್ವಿ. ರೊಟ್ಟಿ ಮುರಿಯಾಕೂ ಎರಡೂ ಕೈ ಬೇಕು. ಉಚ್ಚಿ ಬಂತಂದ್ರ ಒಂದ ಗಳಿಗಿನೂ ತಡಿಯಂಗಿಲ್ಲ, ಧೋತ್ರದಾಗ ಆಗಿಬಿಡತೈತಿ ಅಂತ ನಾಚಿ ಊರಾಗ ಯಾರ ಮದುವಿಗೂ ಹೋಗಂಗಿಲ್ಲ, ಇದನ್ನ ಯಾವ ಡಾಕ್ಟ್ರ ಮುಂದನೂ ಹೇಳಿಲ್ಲ, ಅವ್ರೂ ಕೇಳಿಲ್ಲ. ಮುಖ ತೊಳಿಯೂಮುಂದ ನಲ್ಲಿ ಹಿಡ್ಕೊಂಡ ನಿಂದರಬೇಕು. ಗದ್ದ ಬಗ್ಗಿಸಿದ್ರ ಕರೆಂಟ್ ಹೊಡದಂಗ ಕಾಲತನಾ ಹೋಗತೈತಿ ಅಂತಾರ, ನೀವು ಕೇಳೂತನಾ ನಮಗ ಹೇಳಿದ್ದಿಲ್ಲ! ಕಾಲು ಸಡಿಲ ಇಲ್ಲ, ಬಿಗಿ ಅದಾವು, ರಾತ್ರಿ ತಾನ ಜಗ್ಗಿ ನೆಟ್ಟಗ ಆಗತಾವು.

ಬಳ್ಳಾರಿ_ಫಿಸಿಯೋ

ಅಣ್ಣ, ಇದನ್ನ ಓದಿ ನಾನು ಇನ್ನೇನೂ ಹೇಳಲ್ಲ, ಇಲ್ಲಿ ಡಾಕ್ಟ್ರು ಒಬ್ರು ಇದಾರೆ ಅವರನ್ನ ಟ್ಯಾಗ್ ಮಾಡಿದೀನಿ. ಸೊಂಟದ ಆಪರೇಷನ್‌ಗೆ ಅಡ್ವಾನ್ಸ್ ಕಟ್ಟಬೇಡ್ರಿ ಸದ್ಯಕ್ಕೆ. ಕುತ್ತಿಗೆ ಯಾರಿಗೂ ಮುಟ್ಟೋಕೆ ಕೊಡಬೇಡ್ರಿ, ಅಲ್ಲಿ ಬೆನ್ನುಹುರಿ ಒತ್ತಿದ್ರೆ ತಿರುವಿದಾಗ ಇನ್ನೂ ಕೆಡಬಹುದು.

ತಾಲೂಕಾಸ್ಪತ್ರೆ_ಡಾಕ್ಟ್ರು

ಡ್ಯೂಟಿ ಮುಗಿಸಿ ಈಗ ನೋಡಿದೆ. ಮೊದಲೇ ಹೇಳಿಬಿಡ್ತೀನಿ, ಪೇಷಂಟನ್ನ ನೋಡದೆ ಇಲ್ಲಿ ಕೂತು ಇದೇ ಕಾಯಿಲೆ ಅಂತ ಹೇಳೋದು ತಪ್ಪು, ಆದ್ರೆ ಮುಂದೆ ಎಲ್ಲಿ ನೋಡಿಸಬೇಕು ಅಂತ ಹೇಳಬಹುದು.

ಫಿಸಿಯೋ ಮೇಡಂ ಕಾಲುವೆ ಹೋಲಿಕೆ ಚೆನ್ನಾಗಿದೆ, ಆದ್ರೆ ಒಂದು ಕಡೆ ಅದು ಕೈ ಕೊಡುತ್ತೆ. ಮೇನ್ ಕಾಲುವೆ ಒಡೆದ್ರೆ ಕೆಳಗಿನ ಹೊಲ ಒಣಗುತ್ತೆ ಅಷ್ಟೇ, ಬೆನ್ನುಹುರಿಗೆ ಪೆಟ್ಟಾದ್ರೆ ಕೆಳಗಿನ ಕಾಲು ಒಣಗಲ್ಲ, ಬಿಗಿಯಾಗುತ್ತೆ. ಯಾಕಂದ್ರೆ ಮೆದುಳು ಕೆಳಗಿನ ನರಗಳಿಗೆ ಬರೀ ಹುಕುಂ ಕಳಿಸೋದಲ್ಲ, ಲಗಾಮೂ ಹಾಕಿರುತ್ತೆ. ಬೆನ್ನುಹುರಿ ಮಧ್ಯದಲ್ಲಿ ಒತ್ತಿಹೋದ್ರೆ ಲಗಾಮು ಹೋಯ್ತು, ಕೆಳಗಿರೋ ನರಗಳು ತಮ್ಮ ಇಷ್ಟದಂತೆ ಕುಣೀತಾವೆ. ಮೊಣಕಾಲಿಗೆ ಸುತ್ತಿಗೆ ತಾಗಿಸಿದ್ರೆ ಕಾಲು ಜೋರಾಗಿ ಒದೆಯುತ್ತೆ. ಅಂಗಾಲನ್ನ ಕೀಲಿಕೈ ತುದಿಯಿಂದ ಹಿಮ್ಮಡಿಯಿಂದ ಮೇಲಕ್ಕೆ ಗೀರಿದ್ರೆ ಹೆಬ್ಬೆರಳು ಕೆಳಗೆ ಮಡಚೋ ಬದಲು ಮೇಲಕ್ಕೆ ಏಳುತ್ತೆ. ಇದನ್ನ ಬ್ಯಾಬಿನ್‌ಸ್ಕಿ ಅನ್ನೋ ಪ್ಯಾರಿಸ್ ಡಾಕ್ಟರ್ 1896ರಲ್ಲಿ ಬರೆದಿಟ್ರು, ಇವತ್ತಿಗೂ ಅದಕ್ಕೆ ಖರ್ಚು ಸೊನ್ನೆ. ನರದ ಕಾಯಿಲೆಯಲ್ಲಿ ಸುತ್ತಿಗೆ ತಾಗಿಸಿದ್ರೆ ಹಿಮ್ಮಡಿ ಹತ್ರ ಏನೂ ಆಗಲ್ಲ, ಸತ್ತಂಗಿರುತ್ತೆ. ಸ್ನಾಯು ಕಾಯಿಲೆಯಲ್ಲಿ ಬಹಳ ದಿನದವರೆಗೂ ಸರಿಯಾಗೇ ಇರುತ್ತೆ. ಅಂದ್ರೆ ಒಂದು ರಬ್ಬರ್ ಸುತ್ತಿಗೆ ಅರ್ಧ ಜಗಳ ಬಗೆಹರಿಸುತ್ತೆ. ನಿಮ್ಮ ಮೂರು ಭೇಟಿಯಲ್ಲಿ ಯಾರಾದ್ರೂ ಸುತ್ತಿಗೆ ತೆಗೆದ್ರಾ?

ಈಗ ನಿಮ್ಮ ಎಂಆರ್‌ಐ ವಿಷಯ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಬೆನ್ನುಮೂಳೆ ಬೇರೆ ಬೆನ್ನುಹುರಿ ಬೇರೆ. ಮೂಳೆ ಕುಂಡಿತನಕ ಇದೆ, ಅದರೊಳಗಿನ ಹುರಿ ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಅಷ್ಟೇ, ಸೊಂಟದ ಮೊದಲ ಎರಡು ಮಣಿಗಳ ಹತ್ರಾನೇ, ಎಲ್1-ಎಲ್2, ಮುಗಿದುಹೋಗುತ್ತೆ. ಅದರ ಕೆಳಗೆ ಬರೀ ನರದ ಎಳೆಗಳು, ಕುದುರೆ ಬಾಲ ಇದ್ದಂಗೆ. ಎಲ್4-ಎಲ್5 ಡಿಸ್ಕ್ ಎಷ್ಟೇ ಉಬ್ಬಿದ್ರೂ ಅಲ್ಲಿ ಒತ್ತೋಕೆ ಬೆನ್ನುಹುರಿ ಇಲ್ಲವೇ ಇಲ್ಲ, ನರದ ಎಳೆ ಒತ್ತಬಹುದು, ಆಗ ಕಾಲು ಸಡಿಲ ಆಗುತ್ತೆ, ಸೊಂಟದಿಂದ ಕಾಲಿಗೆ ಎಳೆತ ಬರುತ್ತೆ, ಬಿಗಿ ಆಗಲ್ಲ. ಕೈಗಂತೂ ಯಾವ ಸೊಂಟದ ಡಿಸ್ಕೂ ಏನೂ ಮಾಡೋಕಾಗಲ್ಲ! ಗುಂಡಿ ಹಾಕೋಕೆ ಬರಲ್ಲ ಅನ್ನೋದೊಂದೇ ಮಾತು ಸಾಕಿತ್ತು ಮೇಲಕ್ಕೆ ನೋಡೋಕೆ. ಸೊಂಟದ ಎಂಆರ್‌ಐಯಲ್ಲಿ ಬೆನ್ನುಹುರಿಯ ಬಾಲದ ತುದಿ ಕಾಣುತ್ತೆ, ಕುತ್ತಿಗೆ, ಎದೆಭಾಗ ಕಾಣಲ್ಲ. 58ರ ವಯಸ್ಸಿನವರೆಗೆ ಗದ್ದೆಯಲ್ಲಿ ಬಗ್ಗಿ ದುಡಿದವರ ಸೊಂಟದಲ್ಲಿ ಒಂದು ಡಿಸ್ಕ್ ಉಬ್ಬಿದ್ರೆ ಅದು ಆಶ್ಚರ್ಯ ಅಲ್ಲ, ನೋವೇ ಇಲ್ಲದವರಲ್ಲೂ ಸಿಗುತ್ತೆ.

ಹಾಗಾದ್ರೆ ಶುಗರಿನ ನರ ಅಂದ ಮೊದಲ ಡಾಕ್ಟ್ರು ತಪ್ಪಾ? ಪೂರ್ತಿ ಅಲ್ಲ. ಉರಿ, ಸ್ಪರ್ಶ ಹೋಗೋದು ನರದ್ದೇ ಇರಬಹುದು, ಒಬ್ಬರ ಮೈಯಲ್ಲಿ ಎರಡು ಕಾಯಿಲೆ ಇರಬಾರದು ಅಂತ ಕಾನೂನಿಲ್ಲ. ಇಂಥವರಲ್ಲಿ ಮೊಣಕಾಲು ಜೋರಾಗಿ ಒದೆಯುತ್ತೆ, ಹಿಮ್ಮಡಿ ಸುಮ್ಮನಿರುತ್ತೆ, ನೋಡಿದವರಿಗೆ ತಲೆಕೆಡುತ್ತೆ. ಇನ್ನೊಂದು, ಬಿ12. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡ್ರೆ ಬಿ12 ಇಳಿಯುತ್ತೆ, ಮಾಂಸ ಮೊಟ್ಟೆ ತಿನ್ನದವರಾದ್ರೆ ಇನ್ನೂ ಹೆಚ್ಚು, ಮತ್ತೆ ಬಿ12 ಕೊರತೆ ನರ ಮತ್ತು ಬೆನ್ನುಹುರಿ ಎರಡನ್ನೂ ಒಟ್ಟಿಗೇ ಕೆಡಿಸುತ್ತೆ. ಆ ಕೆಂಪು ಸೂಜಿ ಬಿ12ದೇ. ತೊಂದರೆ ಏನಂದ್ರೆ ಸೂಜಿಗೆ ಮುಂಚೆ ರಕ್ತ ತೆಗೆದಿಲ್ಲ, ಈಗ ಟೆಸ್ಟ್ ಮಾಡಿದ್ರೆ ಸರಿ ಇದೆ ಅಂತ ಬರಬಹುದು, ಅದನ್ನ ನಂಬಿ ಬಿಡೋ ಹಾಗಿಲ್ಲ, ಸೂಜಿ ಹಾಕಿಸಿದ್ದನ್ನ ಡಾಕ್ಟರಿಗೆ ಹೇಳಲೇಬೇಕು.

ಕುತ್ತಿಗೆಯ ಎಂಆರ್‌ಐ ಮಾಡಿಸಿ, ಹೋಲ್ ಸ್ಪೈನ್ ಸ್ಕ್ರೀನಿಂಗ್, ಅಂದ್ರೆ ಇಡೀ ಬೆನ್ನು ಒಮ್ಮೆ ನೋಡೋದು, ಅದನ್ನೂ ಸೇರಿಸಿ ಅಂತ ಕೇಳಿ. ಅದಕ್ಕೂ ಮುಂಚೆ ನರರೋಗ ತಜ್ಞರನ್ನ ನೋಡಿಸೋದು ಸರಿ ದಾರಿ, ಮೂಳೆ ಡಾಕ್ಟರನ್ನಲ್ಲ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಹೋಗಿ ಅಲ್ಲಿಂದ ಬರೆಸ್ಕೊಂಡು ಹೋದ್ರೂ ಆಯ್ತು, ಹುಬ್ಬಳ್ಳಿ, ಬೆಂಗಳೂರು ನಿಮ್ಹಾನ್ಸ್ ಯಾವುದಾದ್ರೂ ಸರಿ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮರೀಬೇಡಿ. ತಡ ಮಾಡಬೇಡಿ. ಉಚ್ಚೆ ಪೂರ್ತಿ ಕಟ್ಟಿದ್ರೆ, ಅಥವಾ ಒಂದೇ ದಿನದಲ್ಲಿ ಕಾಲು ಇನ್ನೂ ಬಿದ್ರೆ, ಅಪಾಯಿಂಟ್‌ಮೆಂಟ್ ಎಲ್ಲಾ ಬಿಟ್ಟು ಅವತ್ತೇ ಎಮರ್ಜೆನ್ಸಿಗೆ ಒಯ್ಯಿರಿ.

ಕುಷ್ಟಗಿ_ಮೇಷ್ಟ್ರು

ಡಾಕ್ಟರ್ ಸಾಹೇಬ್ರ, ನಮ್ಮ ಕುಷ್ಟಗಿ ಯಲಬುರ್ಗಾ ಕಡಿ ಬೋರಿನ ನೀರಾಗ ಫ್ಲೋರೈಡ್ ಐತಲ್ರಿ, ಅದರದೂ ಸಂಬಂಧ ಇರಬಹುದೇನು? ನಮ್ಮ ಸಾಲ್ಯಾಗ ಮಕ್ಕಳ ಹಲ್ಲು ನೋಡಿದ್ರ ಕಂದು ಪಟ್ಟಿ. ನಮ್ಮ ದೊಡ್ಡಪ್ಪ ಹಿಂಗ ಬಿಗಿ ಆಗಿ ಆಗಿ ಕಡೀಕ ಹಿಂದ ತಿರುಗಿ ನೋಡಬೇಕಂದ್ರ ಇಡೀ ಮೈ ತಿರುಗಸ್ತಿದ್ರು, ಎಲ್ಲಾರೂ ಮುಪ್ಪಿನ ವಾತ ಅಂದ್ರು, ಯಾರೂ ಎಕ್ಸ್‌ರೇ ತೆಗಿಸ್ಲಿಲ್ಲ.

ತಾಲೂಕಾಸ್ಪತ್ರೆ_ಡಾಕ್ಟ್ರು

ಇರಬಹುದು ಮೇಷ್ಟ್ರೇ, ಒಳ್ಳೆ ಮಾತು ನೆನಪಿಸಿದ್ರಿ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಬಹಳ ಜಾಸ್ತಿ ಇರೋ ನೀರನ್ನ ಹತ್ತಿಪ್ಪತ್ತು ವರ್ಷ ಕುಡಿದ್ರೆ ಮೂಳೆ ದಪ್ಪ ಆಗುತ್ತೆ, ಬೆನ್ನಿನ ಒಳಗಿನ ಪಟ್ಟಿಗಳು ಸುಣ್ಣಗಟ್ಟುತ್ತವೆ, ಹುರಿ ಹೋಗೋ ಕೊಳವೆ ಸಣ್ಣ ಆಗಿ ಹುರಿಯನ್ನ ಅಮುಕುತ್ತೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನ ಮೊದಲು ಗುರುತಿಸಿ ಬರೆದಿದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಕಡೆ. ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಸೀಮೆಸುಣ್ಣದಂಗೆ ಕಾಣುತ್ತೆ. ರೈತರು ಕಾಲುವೆ ನೀರಿನೋರು ಅನ್ಸುತ್ತೆ, ಆದ್ರೂ ಮೊದಲು ಯಾವ ನೀರು ಕುಡೀತಿದ್ರು ಅಂತ ಹೇಳಿದ್ರೆ ಒಳ್ಳೇದು. ಸಣ್ಣಗೆ ಜ್ವರ, ತೂಕ ಇಳಿಯೋದು, ಬೆನ್ನಲ್ಲಿ ಒಂದೇ ಜಾಗ ಒತ್ತಿದ್ರೆ ನೋವು ಇದ್ರೆ ಬೆನ್ನಿನ ಟಿಬಿನೂ ತಲೇಲಿ ಇಟ್ಕೋಬೇಕು, ನಮ್ಮ ಕಡೆ ಅದೂ ಅಪರೂಪ ಅಲ್ಲ.

ಸಿರುಗುಪ್ಪ_ಅವ್ವ

ನಾನು ಈ ಗುಂಪಿನಾಗ ಬರೀ ಓದೋಳು, ಇವತ್ತು ಬರೀತೀನಿ. ಸ್ನಾಯು ಬಗ್ಗೆ ಎಲ್ಲಾರೂ ಒಂದು ಸಾಲು ಬರ್ದು ಮುಂದ ಹೋದ್ರಿ, ನಮ್ಮನಿಯಾಗ ಅದೇ ಐತಿ. ನನ್ನ ಮಗ ನಾಕು ವರ್ಷದಾಗಿಂದ ಬೀಳೋನು, ಓಡಾಕ ಬರ್ತಿದ್ದಿಲ್ಲ, ನೆಲದ ಮ್ಯಾಲಿಂದ ಏಳಬೇಕಂದ್ರ ತನ್ನ ತೊಡಿ ತಾನ ಹತ್ತಿದಂಗ ಕೈ ಊರಿ ಊರಿ ಏಳ್ತಿದ್ದ. ಮೀನಖಂಡ ಮಾತ್ರ ಪೈಲ್ವಾನರದಂಗ ದಪ್ಪ, ನಾವು ಹೆಮ್ಮಿ ಪಡ್ತಿದ್ವಿ! ಸಾಲ್ಯಾಗ ಸೋಮಾರಿ ಅಂದ್ರು. ಒಂದು ಕಡಿ ರಕ್ತ ಮಾಡ್ಸಿದ್ರ ಎಸ್‌ಜಿಓಟಿ ಎಸ್‌ಜಿಪಿಟಿ ಜಾಸ್ತಿ ಬಂತು, ಲಿವರ್ ಅಂದ್ರು, ಆರು ತಿಂಗಳು ಕಾಮಾಲೆ ಔಷಧ ಕುಡಿಸಿ ಪಥ್ಯ ಮಾಡ್ಸಿದ್ವಿ ಕೂಸಿಗೆ. ಆಮ್ಯಾಲ ಬೆಂಗಳೂರಾಗ ಗೊತ್ತಾತು, ಆ ಎರಡೂ ಸ್ನಾಯುದಾಗೂ ಇರ್ತಾವು, ಸ್ನಾಯು ಒಡದ್ರ ರಕ್ತಕ್ಕ ಬರ್ತಾವು ಅಂತ. ಸಿಪಿಕೆ ಅಂತ ಒಂದು ಟೆಸ್ಟ್, ಎಲ್ಲಾರಿಗೂ 200ರ ಆಚೀಚೆ ಇರೋದು ಇವನಿಗೆ 14 ಸಾವಿರ ಇತ್ತು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಅಂದ್ರು, ಸ್ನಾಯು ಸವಿಯೂ ಕಾಯಿಲೆ, ಗಂಡುಮಕ್ಕಳಿಗೇ ಬರೋದಂತ ಹೆಚ್ಚಾಗಿ, ತಾಯಿ ಕಡಿಂದ ಬರ್ತೈತಿ ಅಂದಾಗ ನನ್ನ ಕಡಿ ಎಲ್ಲಾರೂ ನೋಡಿದ್ರು, ಅದು ಬ್ಯಾರೆ ಕಥಿ. ಎಲ್ಲಾ ಸಲ ತಾಯಿಂದ ಬರಂಗಿಲ್ಲ, ಕೆಲವು ಮಕ್ಕಳಿಗೆ ತಾನ ಹೊಸದಾಗಿ ಆಗ್ತೈತಿ ಅಂತ ಅಲ್ಲಿ ಡಾಕ್ಟ್ರಮ್ಮ ನಮ್ಮ ಅತ್ತಿಯವ್ರನ್ನ ಕುಂಡ್ರಿಸಿ ಹೇಳಿದ್ರು, ಆ ತಾಯಿಗೆ ಪುಣ್ಯ ಬರ್ಲಿ.

ಮಕ್ಕಳು ಹಿಂಗ ಎದ್ರ ಸಿಪಿಕೆ ಮಾಡಸ್ರಿ, ದೊಡ್ಡ ದುಡ್ಡಿನ ಟೆಸ್ಟ್ ಅಲ್ಲ. 2016ರ ಅಂಗವಿಕಲರ ಕಾಯ್ದೆಯಾಗ 21 ಥರದ ಅಂಗವೈಕಲ್ಯ ಪಟ್ಟಿ ಮಾಡ್ಯಾರ, ಅದರಾಗ ಮಸ್ಕ್ಯುಲರ್ ಡಿಸ್ಟ್ರೋಫಿನೂ ಐತಿ, ಯುಡಿಐಡಿ ಅಂತ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸ್ಕೊಬಹುದು. ರೈತಣ್ಣಾರ, ನಿಮ್ಮಪ್ಪಾರದು ಇದಲ್ಲ ಬಿಡ್ರಿ, ಮತ್ತ್ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ.

ಕೊಪ್ಪಳ_ಸ್ಟಾಫ್‌ನರ್ಸ್

ಅಕ್ಕಾ ಧೈರ್ಯವಾಗಿರ್ರಿ.

ನಂದೊಂದು ಸಣ್ಣ ಮಾತು. ತಿಂಗಳುಗಟ್ಟಲೆ ಆಗೋದು ಬ್ಯಾರೆ, ದಿನದಾಗ ಆಗೋದು ಬ್ಯಾರೆ. ಭೇದಿನೋ ಜ್ವರನೋ ಬಂದು ಹೋಗಿ ವಾರ ಹತ್ತು ದಿನಕ್ಕ ಪಾದದಿಂದ ಶುರುವಾಗಿ ಇವತ್ತು ಮೊಣಕಾಲು ನಾಳೆ ಸೊಂಟ ನಾಡಿದ್ದು ಕೈ ಅಂತ ಸೋಲ್ತಾ ಬಂದ್ರೆ ಅದು ಜಿಬಿ ಸಿಂಡ್ರೋಮ್ ಇರಬಹುದು, ನರದ ಮೇಲಿನ ಕವಚಕ್ಕೆ ನಮ್ಮ ಮೈಯ ಸೈನ್ಯಾನೇ ಏರಿ ಹೋಗೋದು. ಉಸಿರಾಟದ ಸ್ನಾಯುತನಕ ಹೋದ್ರೆ ವೆಂಟಿಲೇಟರ್ ಬೇಕು. ನಮ್ಮ ವಾರ್ಡಿಗೆ ಒಬ್ರು ಮೂರು ದಿನ ಸಲೈನ್ ಏರಿಸ್ಕೊಂಡು ವೀಕ್‌ನೆಸ್ ಅಂತ ಮನೆಯಾಗೇ ಇದ್ದು ಬಂದಿದ್ರು. ಮಾತಾಡೋವಾಗ ನಡುವೆ ಉಸಿರು ನಿಲ್ಲಿಸಿ ನಿಲ್ಲಿಸಿ ಮಾತಾಡಿದ್ರೆ ಬೆಳಗಾಗೋ ತನಕ ಕಾಯಬ್ಯಾಡ್ರಿ.

ಹಂಗೇ ಬೆಳಿಗ್ಗೆ ಸರಿ ಇದ್ದು ಸಂಜೆಗೆ ರೆಪ್ಪೆ ಜೋತು ಬೀಳೋದು, ಎರಡೆರಡು ಕಾಣೋದು, ಊಟ ಅಗೀತಾ ಅಗೀತಾ ದವಡೆ ಸೋಲೋದು, ಅದು ನರಾನೂ ಅಲ್ಲ ಸ್ನಾಯುನೂ ಅಲ್ಲ, ಎರಡು ಕೂಡೋ ಜಾಗದ್ದು, ಮಯಸ್ತೇನಿಯಾ ಅಂತಾರೆ. ನಾಗರಹಾವು ಕಚ್ಚಿದೋರಿಗೆ ರೆಪ್ಪೆ ಬೀಳೋದೂ ಅದೇ ಜಾಗಕ್ಕೆ ವಿಷ ಕೂತಿದ್ದಕ್ಕೆ.

ಮಸ್ಕಿ_ಹುಲಿ

ಕುತ್ತಿಗಿ ತಿರುವೂದು ಬ್ಯಾಡ ಅಂದ್ರೆಲ್ಲಾ, ಯಾಕ ಅಂತ ಈಗ ತಿಳೀತು. ನಮ್ಮ ಮಾವಂದು ಬರೀ ಉಳುಕು ಇತ್ತೇನೋ. ಪೋಸ್ಟ್ ಹಂಗ ಇರಲಿ, ಅಳಿಸಂಗಿಲ್ಲ, ನನಗ ಬೈದಿದ್ದು ಓದಿಯಾರ ಮಂದಿ ಬಿಡ್ಲಿ.

ಟೇಲೆಂಡ್_ರೈತ

ಮೂರು ವಾರ ಆತು, ಅಪ್‌ಡೇಟ್ ಹಾಕತೀನಿ. ನರದ ಡಾಕ್ಟ್ರ ಹತ್ರ ಹೋದ್ವಿ. ಒಳಗ ಹೋಗಿ ಕುಂತಕೂಡ್ಲೇ ಮೊದಲ ಮಾಡಿದ ಕೆಲಸ ಸುತ್ತಿಗಿ ತಗದಿದ್ದು, ನಾನು ಅಪ್ಪ ಒಬ್ರ ಮಾರಿ ಒಬ್ರು ನೋಡಿದ್ವಿ. ಮೊಣಕಾಲು ಹೆಂಗ ಒದೀತಂದ್ರ ಡಾಕ್ಟ್ರ ಟೇಬಲ್ಲಿಗೆ ತಾಗ್ತು. ಹೆಬ್ಬೆಟ್ಟು ಮ್ಯಾಲ ಎದ್ದಿತು, ನಾನೂ ನೋಡಿದ್ನಿ. ಹಿಮ್ಮಡಿ ಹತ್ರ ಬಡದ್ರ ಏನೂ ಇಲ್ಲ, ನೀವು ಹೇಳಿದಂಗ. ಕುತ್ತಿಗಿ ಎಂಆರ್‌ಐದಾಗ ಸಿ4-ಸಿ5, ಸಿ5-ಸಿ6 ಎರಡು ಕಡಿ ಹುರಿ ಒತ್ತೈತಿ, ಒಳಗ ಬಿಳಿ ಕಲಿ ಬಂದೈತಿ ಅಂದ್ರು. ನರದ ಕರೆಂಟ್ ಟೆಸ್ಟಿನ್ಯಾಗ ಶುಗರಿಂದ ಕಾಲಿನ ನರಾನೂ ಕೆಟ್ಟಾವು. ಅಂದ್ರ ಎರಡೂ ಐತಿ. ಬಿ12 ಸೂಜಿ ಮುಂದುವರಸ್ರಿ ಅಂದ್ರು. ಸೊಂಟದ ಡಿಸ್ಕ್ ಬಗ್ಗೆ ಕೇಳಿದ್ರ ಫಿಲ್ಮ್ ನೋಡಿ ಹಂಗ ಪಕ್ಕಕ್ಕ ಇಟ್ರು. ನೀರು ನಾವು ಕೆರೀದೇ ಕುಡಿಯೂದು ಮೇಷ್ಟ್ರ, ಮೂಳಿ ಹಂಗೇನೂ ಕಾಣಂಗಿಲ್ಲಂತ.

ಕುತ್ತಿಗಿ ಆಪರೇಷನ್ ಮಾಡಬೇಕಂತ. ಹೋದ ಶಕ್ತಿ ಎಲ್ಲಾ ವಾಪಸ್ ಬರತೈತಿ ಅಂತ ಮಾತು ಕೊಡಂಗಿಲ್ಲ, ಇನ್ನ ಕೆಡದಂಗ ನಿಲ್ಲಸೂದು ಮುಖ್ಯ, ಎಷ್ಟು ತಿರುಗಿ ಬರತೈತೋ ಅಷ್ಟು ಲಾಭ ಅಂತ ಸೀದಾ ಹೇಳಿದ್ರು. ಮುಂದಿನ ಸೋಮವಾರ ಅಡ್ಮಿಟ್. ಅಪ್ಪಗ ಒಂದ ಚಿಂತಿ, ಬ್ಯಾಸಗಿ ಬೆಳಿಗೆ ನೀರು ಬಿಡತಾರೋ ಇಲ್ಲೋ, ಬಿಟ್ರ ಒಡ್ಡಿನ ಮ್ಯಾಲ ಹೋಗಾಕ ಆಗತೈತೇನು ಅಂತ ಡಾಕ್ಟ್ರಿಗೇ ಕೇಳಿದ್ರು. ಅಲ್ಲಿತನಾ ಮನ್ಯಾಗ ಏನು ಜ್ವಾಕಿ ಮಾಡಬೇಕು ಹೇಳ್ರಿ.

ಬಳ್ಳಾರಿ_ಫಿಸಿಯೋ

ಅಣ್ಣ ಬೈಕ್ ಮೇಲೆ ಕುಂಡ್ರಿಸಬೇಡ್ರಿ, ಬಸ್ಸಾದ್ರೆ ಹಿಂದಿನ ಸೀಟು ಬೇಡ, ಒಂದು ಗುಂಡಿ ಜಿಗಿದ್ರೆ ಕುತ್ತಿಗೆಗೆ ಝಟಕಾ. ರಾತ್ರಿ ಬಚ್ಚಲಿಗೆ ಹೋಗೋ ದಾರಿಯಾಗ ಲೈಟ್ ಹಾಕೇ ಇರಲಿ, ಕತ್ತಲಾದ್ರೆ ಅವರಿಗೆ ಕಾಲು ಎಲ್ಲೈತೆ ಅಂತಾನೇ ತಿಳಿಯಲ್ಲ. ಬಿಸಿನೀರಿಗೆ ಕಾಲು ಇಡೋಕೆ ಮುಂಚೆ ನೀವು ಕೈಹಾಕಿ ನೋಡ್ರಿ. ಹಿಂದೆ ಪಟ್ಟಿ ಇರೋ ಚಪ್ಪಲಿ ಕೊಡಿಸ್ರಿ. ಆಪರೇಷನ್ ಆದ್ಮೇಲೆ ಮೆಸೇಜ್ ಹಾಕ್ರಿ, ವ್ಯಾಯಾಮ ಅವಾಗ ಹೇಳ್ತೀನಿ, ಈಗ ಏನೂ ಬೇಡ.